ನಾವೂ ಒಂದು ದೋಣಿ ಕೊಂಡೆವು

ಕಳೆದ ದೀಪಾವಳಿಯ ಊಟದ ಸಾಲಿನಲ್ಲಿ ನಿಂತಿದ್ದಾಗ ಹಿರಿಯರೊಬ್ಬರು, "ಏನು ಸ್ವಾಮಿ, ದೋಣಿ ಇಟ್ಟಿದ್ದೀರಂತೆ, ಭಾರಿ ಶ್ರೀಮಂತರಾಗಿಬಿಟ್ಟಿರಿ" ಎಂದು ಎಲ್ಲರೆದುರು ಹೇಳಿಬಿಟ್ಟರು. ಕೈಯಲ್ಲಿ ಬಿಸಿಬೇಳೆ ಭಾತಿನ ತಟ್ಟೆ ಇದ್ದುದರಿಂದ ಆಗ ಸಮಜಾಯಿಷಿ ಕೊಡಲಾಗಲಿಲ್ಲ. ಇತ್ತ ಸಂಪಾದಕರು, ಏನಾದರೂ ಬರೆದುಕೊಡಿ ಎಂದು ಮೂರು ಸಂಚಿಕೆಗಳಿಂದ ಬೆನ್ನು ಹತ್ತಿದ್ದಾರೆ. ಎರಡು ಋಣವೂ ಒಟ್ಟಿಗೆ ತೀರಲಿ ಎಂದು ಈ ಬರಹ.

ಮೊದಲು ಶ್ರೀಮಂತಿಕೆಯ ಮಾತು. ದೋಣಿ ನಮ್ಮದೊಂದೇ ಮನೆಯದಲ್ಲ. ಎರಡು ಮನೆಯವರು ಸೇರಿ ಕೊಂಡದ್ದು. 1974ರಲ್ಲಿ ತಯಾರಾದ, 22 ಅಡಿ ಉದ್ದದ ಫೈಬರ್‌ಗ್ಲಾಸಿನ ಹಾಯಿದೋಣಿ. 2021ರ ಅಕ್ಟೋಬರಿನಲ್ಲಿ ನಾವು ಕೊಟ್ಟ ಬೆಲೆ 2,200 ಡಾಲರು. ಆ ವರ್ಷ ಕಾರಿನ ರಿಪೇರಿಗೆ ತೆತ್ತದ್ದು ಇದಕ್ಕಿಂತ ಹೆಚ್ಚು. ಚೆಸಪೀಕ್ ಕೊಲ್ಲಿಯ ದಂಡೆಯ ಊರುಗಳಲ್ಲಿ ಇಂಥ ದೋಣಿಗಳು ಮನೆಗಳ ಹಿತ್ತಲಲ್ಲಿ ನೀಲಿ ಟಾರ್ಪಾಲು ಹೊದ್ದು ಕೂತಿರುತ್ತವೆ. ಫೈಬರ್‌ಗ್ಲಾಸಿಗೆ ಮರದ ಹಾಗೆ ಗೆದ್ದಲಿಲ್ಲ, ಹುಳುಕಿಲ್ಲ. ಯಜಮಾನರಿಗೆ ಮಾತ್ರ ವಯಸ್ಸಾಗುತ್ತದೆ, ಮಕ್ಕಳಿಗೆ ಬೇಕಿಲ್ಲ. ಆದ್ದರಿಂದ ಅಗ್ಗ. ಕೊಳ್ಳುವ ಮುಂಚೆ ದೋಣಿ ಪರೀಕ್ಷಿಸುವ ಸರ್ವೇಯರ್ ಒಬ್ಬರನ್ನು ಕರೆಸಿ ಎಂದು ಬಲ್ಲವರು ಹೇಳಿದ್ದರು. ಅವರ ಫೀಸು ಸುಮಾರು ಐನೂರು ಡಾಲರು. ಎರಡು ಸಾವಿರದ ದೋಣಿಗೆ ಐನೂರರ ಪರೀಕ್ಷೆಯೇ ಎಂದು ನಾವು ನಕ್ಕೆವು. ಆ ನಗೆಯ ಕಥೆಯೇ ಮುಂದಿನದು.

ಪಾಲುದಾರರು ಕುಂದಾಪುರದವರು. ನಾವು ತಿಪಟೂರಿನ ಕಡೆಯವರು. ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಹೋಗುವ ಸೀಮೆ. ಹಾಗಾಗಿ ಸಮುದ್ರದ ವಿಷಯವೆಲ್ಲ ಅವರಿಗೆ, ರಸಾಯನದ ವಿಷಯವೆಲ್ಲ ನಮಗೆ ಎಂದು ಮೊದಲ ದಿನವೇ ಹಂಚಿಕೆಯಾಯಿತು. ಅವರು ಬೆಳೆದದ್ದು ಪೇಟೆಯ ಬಟ್ಟೆ ಅಂಗಡಿಯಲ್ಲಿ, ದೋಣಿ ಹತ್ತಿದ್ದು ಗಂಗೊಳ್ಳಿಯ ಕಡವಿನಲ್ಲಿ ನಾಲ್ಕೇ ನಾಲ್ಕು ಸಲ, ಅಲೆ ಎದ್ದರೆ ಅವರಿಗೆ ಹೊಟ್ಟೆ ತೊಳಸುತ್ತದೆ ಎಂಬುದೆಲ್ಲ ತಿಳಿದದ್ದು ಹಣ ಕೊಟ್ಟ ಮೇಲೆ. ಆದರೂ ಅವರು ಮೊದಲ ದಿನ ಆಡಿದ ಒಂದು ಮಾತನ್ನು ಇಲ್ಲಿ ದಾಖಲಿಸಲೇಬೇಕು. ದೋಣಿಯ ತಳದಲ್ಲಿ ಮೂರು ತೂತುಗಳಿದ್ದವು: ಪಾತ್ರೆ ತೊಳೆಯುವ ಸಿಂಕಿನ ನೀರು ಹೊರಗೆ ಹೋಗಲು ಒಂದು, ಮೇಲಿನ ಮಳೆನೀರು ಇಳಿಯಲು ಎರಡು. ಒಂದೊಂದಕ್ಕೂ ಒಳಗಿನಿಂದ ಒಂದೊಂದು ವಾಲ್ವು. ಅದನ್ನು ನೋಡಿ ಅವರು, "ಎಂತ ಮಾರಾಯ್ರೆ, ನಮ್ಮೂರಲ್ಲಿ ದೋಣಿಗೆ ತೂತು ಬಿದ್ರೆ ಮುಚ್ತಾರೆ, ಇವ್ರು ಹೊಸ ದೋಣಿಗೇ ತೂತು ಕೊರೀತಾರಲ್ಲ!" ಎಂದರು. ನಾವು ತಮಾಷೆಯೆಂದುಕೊಂಡೆವು.

ಚೆಸಪೀಕ್ ಕೊಲ್ಲಿ ಸುಮಾರು 200 ಮೈಲಿ ಉದ್ದ. ಆದರೆ ಸರಾಸರಿ ಆಳ 21 ಅಡಿ ಮಾತ್ರ. ನಮ್ಮ ದೋಣಿಯ ಕೆಳಗಿನ ಕಬ್ಬಿಣದ ಕೀಲನ್ನು ಉಕ್ಕಿನ ಹಗ್ಗದಿಂದ ಮೇಲೆತ್ತಿಕೊಳ್ಳಬಹುದಾದ್ದರಿಂದ ಮೊಣಕಾಲು ನೀರಿನ ತನಕ ಹೋಗಿಬರಬಹುದು. ಮೋಟಾರು ನಿಲ್ಲಿಸಿ, ಹಾಯಿ ಏರಿಸಿ, ಗಾಳಿ ತುಂಬಿಕೊಂಡು ದೋಣಿ ಒಂದು ಪಕ್ಕಕ್ಕೆ ವಾಲಿ ಸದ್ದಿಲ್ಲದೆ ಓಡತೊಡಗಿದಾಗ ಆಗುವ ಸುಖವನ್ನು ನಾವು ವರ್ಣಿಸಲಾರೆವು. ಕವಿತೆ ಬರೆಯುವ ಸದಸ್ಯರು ಒಮ್ಮೆ ಬಂದು ನೋಡಲಿ. ಹಾಯಿಯ ಹಗ್ಗ, ಚುಕ್ಕಾಣಿ, ಗಾಳಿಯ ದಿಕ್ಕು ಎಲ್ಲ ಒಂದು ಬೇಸಗೆಯಲ್ಲಿ ಕೈಗೆ ಹತ್ತುತ್ತವೆ. ಹತ್ತದೇ ಇರುವುದು ನೀರಿನ ಕೆಳಗಿನ ಸಂಸಾರ.

ಉಪ್ಪುನೀರಿನಲ್ಲಿ ನಿಂತ ಯಾವ ವಸ್ತುವಿಗೂ ಒಂದೇ ಬೇಸಗೆಯಲ್ಲಿ ಪಾಚಿ ಹಿಡಿದು, ಅದರ ಜೊತೆಗೆ ಬಾರ್ನಕಲ್ ಎಂಬ ಸುಣ್ಣದ ಚಿಪ್ಪಿನ ಜೀವಿಗಳು ಅಂಟಿಕೊಳ್ಳುತ್ತವೆ. ಅದಕ್ಕೆಂದೇ ಪ್ರತಿ ಏಪ್ರಿಲ್‌ನಲ್ಲಿ ತಳಕ್ಕೆ ತಾಮ್ರದ ಆಕ್ಸೈಡ್ ಬೆರೆತ ಬಣ್ಣ ಬಳಿಯುವುದು. ಇದರ ಹಿಂದೆ ಒಂದು ಸೊಗಸಾದ ಕಥೆಯಿದೆ. ಆಗಿನ ಬ್ರಿಟಿಷ್ ಯುದ್ಧನೌಕೆಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು, ತಾಮ್ರ ಸವೆದುಹೋಗುತ್ತಿತ್ತು. ಹಂಫ್ರಿ ಡೇವಿ 1824ರಲ್ಲಿ, ತಾಮ್ರಕ್ಕೆ ಸತುವಿನದೋ ಕಬ್ಬಿಣದ್ದೋ ತುಂಡನ್ನು ಜೋಡಿಸಿದರೆ ತುಂಡು ಕರಗಿ ತಾಮ್ರ ಉಳಿಯುತ್ತದೆಂದು ತೋರಿಸಿಕೊಟ್ಟ. ತಾಮ್ರವೇನೋ ಉಳಿಯಿತು, ಆದರೆ ಹಡಗಿನ ತಳದ ತುಂಬ ಪಾಚಿ, ಚಿಪ್ಪು! ತಾಮ್ರ ಅಷ್ಟಿಷ್ಟೇ ಕರಗಿ ವಿಷವಾಗುತ್ತಿದ್ದುದರಿಂದಲೇ ಅವು ದೂರವಿದ್ದವು. ರಕ್ಷಣೆ ಗೆದ್ದಿತು, ಹಡಗು ನಿಧಾನವಾಯಿತು. ಮುಂದೆ ತಾಮ್ರಕ್ಕಿಂತ ಜೋರಾದ ತವರದ ಸಂಯುಕ್ತವೊಂದನ್ನು ಬಣ್ಣಕ್ಕೆ ಸೇರಿಸಿದರು. ಫ್ರಾನ್ಸಿನ ಅರ್ಕಶೋನ್ ಕೊಲ್ಲಿಯ ಸಿಂಪಿಗಳ ಚಿಪ್ಪು ವಿಕಾರವಾದಾಗ ಅಲ್ಲಿ 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿದರು, ಅಮೆರಿಕದಲ್ಲಿ 1988ರಲ್ಲಿ. ಹಡಗುಗಳಿಗೂ ಅನ್ವಯಿಸುವ ಅಂತರರಾಷ್ಟ್ರೀಯ ನಿಷೇಧ 2008ರಲ್ಲಿ ಜಾರಿಗೆ ಬಂತು. ಈಗ ನಾವೆಲ್ಲ ಮತ್ತೆ ತಾಮ್ರಕ್ಕೇ ಬಂದಿದ್ದೇವೆ. ಅದೂ ನೀರಿಗೆ ಒಳ್ಳೆಯದೇನಲ್ಲ. ಬಳಿಯುವಾಗಲೆಲ್ಲ ನಮಗೆ ಸ್ವಲ್ಪ ಅಳುಕು ಇದ್ದೇ ಇರುತ್ತದೆ. ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜುವಾಗ ನೀರು ಹಚ್ಚಿಯೇ ಉಜ್ಜಬೇಕು, ಮೂಗಿಗೆ ಮುಸುಕು ಬೇಕು. ಇಷ್ಟು ಹೇಳದಿದ್ದರೆ ನಮ್ಮ ಪದವಿಗೆ ಅವಮಾನ.

ಎರಡನೆಯ ಚಳಿಗಾಲಕ್ಕೆ ದೋಣಿಯನ್ನು ದಡಕ್ಕೆತ್ತಿಸಿದಾಗ ತಳದಲ್ಲಿ ಎಂಟಾಣೆ ನಾಣ್ಯದಗಲದ ಗುಳ್ಳೆಗಳು ಕಂಡವು. ನಮಗೆ ಹಬ್ಬ! ಒಂದನ್ನು ಚುಚ್ಚಿದೆವು, ಅಂಟು ನೀರು ಚಿಮ್ಮಿತು, ವಿನಿಗರಿನ ವಾಸನೆ. ಪಾಲಿಯೆಸ್ಟರ್ ರಾಳದೊಳಗೆ ವರ್ಷಗಟ್ಟಲೆ ನೀರು ನುಸುಳಿ, ಅಲ್ಲಿ ಕರಗುವುದನ್ನೆಲ್ಲ ಕರಗಿಸಿ, ಆ ದ್ರಾವಣ ಹೊರಗಿನಿಂದ ಇನ್ನಷ್ಟು ನೀರನ್ನು ಎಳೆದುಕೊಳ್ಳುತ್ತದೆ; ನೆನೆಹಾಕಿದ ಒಣದ್ರಾಕ್ಷಿ ಉಬ್ಬುವ ಹಾಗೆ. ನಾವು 64 ಗುಳ್ಳೆಗಳಿಗೆ ನಂಬರು ಕೊಟ್ಟು, ನಕ್ಷೆ ಬರೆದು, ಒಂದೊಂದನ್ನೂ ಕೆರೆದು ಒಣಗಿಸಿ ತುಂಬಿದೆವು. ಚಳಿಗಾಲವೆಲ್ಲ ಅದಕ್ಕೇ ಹೋಯಿತು. ಗುಳ್ಳೆಯಿಂದ ದೋಣಿ ಮುಳುಗುವುದು ತೀರ ಅಪರೂಪ. ಗುಳ್ಳೆಗಳ ಬೆನ್ನಿಗೇ, ಒಳಗೆ, ಸಿಂಕಿನ ಕೆಳಗೆ ಹಿತ್ತಾಳೆಯ ವಾಲ್ವು ಕೂತಿತ್ತು. ಅದರ ಕತ್ತು ನಸುಗೆಂಪಾಗಿದ್ದುದನ್ನು ನಾವು ನೋಡಿಯೂ ಇದ್ದೆವು. ಹಳೆಯ ಕಾಲದ ಮಾಲು, ಎಷ್ಟು ಗಟ್ಟಿ ಎಂದು ಮೆಚ್ಚಿಕೊಂಡಿದ್ದೆವು.

2023ರ ಆಗಸ್ಟಿನ ಒಂದು ಶನಿವಾರ ಎರಡೂ ಮನೆಯವರು, ಇಬ್ಬರು ಮಕ್ಕಳೂ ಸೇರಿ, ಅನಾಪೊಲಿಸ್‌ನ ದಕ್ಷಿಣಕ್ಕಿರುವ ರೋಡ್ ನದಿಯಲ್ಲಿ ಲಂಗರು ಹಾಕಿದ್ದೆವು. ಬೆಳಿಗ್ಗೆ ಹೊರಡುವ ಮುಂಚೆ ಸಿಂಕಿನ ವಾಲ್ವನ್ನು ಮುಚ್ಚಿದ್ದು ನಾವೇ. ಗಟ್ಟಿಯಾಗಿದ್ದುದರಿಂದ ಜೋರು ಹಾಕಿ ತಿರುಗಿಸಿದ್ದೆವು. ಊಟಕ್ಕೆ ಮುಂಚೆ ಗೆಳೆಯರ ಎಂಟು ವರ್ಷದ ಮಗಳು ಒಳಗಿಳಿದವಳು ಅಲ್ಲಿಂದಲೇ ಕೂಗಿ ಹೇಳಿದಳು: "ಅಪ್ಪಾ, ಚಕ್ಕುಲಿ ಡಬ್ಬಿ ತೇಲ್ತಾ ಇದೆ."

ಒಳಗೆ ಕಣಕಾಲು ಮುಳುಗುವಷ್ಟು ನೀರು. ವಾಲ್ವು ಕತ್ತಿನಲ್ಲಿ ಮುರಿದು ರಬ್ಬರ್ ಕೊಳವೆಯ ಸಮೇತ ಬಿದ್ದಿತ್ತು. ತೂತಿನಿಂದ ನೀರು ಕಾರಂಜಿಯಾಗಿ ಏರುತ್ತಿತ್ತು. ಆಮೇಲೆ ಮನೆಯಲ್ಲಿ ಲೆಕ್ಕ ಹಾಕಿದೆವು: ನೀರಿನ ಮಟ್ಟಕ್ಕಿಂತ ಒಂದು ಅಡಿ ಕೆಳಗಿನ ಒಂದು ಅಂಗುಲದ ತೂತಿನಲ್ಲಿ ನಿಮಿಷಕ್ಕೆ 50ರಿಂದ 70 ಲೀಟರು ಬರುತ್ತದೆ, ಅಂದರೆ ನಾಲ್ಕು ಕೊಡ. ಅಲ್ಲಿ ಆ ಲೆಕ್ಕ ಯಾರಿಗೂ ಹೊಳೆಯಲಿಲ್ಲ. ನಾವು ಅಂಗೈ ಒತ್ತಿ ಕೂತೆವು. ಇಂಥ ತೂತಿಗೆಂದೇ ಮೊನಚಾದ ಮರದ ಬೆಣೆ ಅಂಗಡಿಯಲ್ಲಿ ಸಿಗುತ್ತದೆ; ನಮ್ಮಲ್ಲಿರಲಿಲ್ಲ. ಕುಂದಾಪುರದ ಗೆಳೆಯರು ಒಂದು ಮಾತೂ ಆಡದೆ ಕೋಸಂಬರಿಗೆಂದು ತಂದಿದ್ದ ಕ್ಯಾರೆಟ್ ತೆಗೆದು, ಪಂಚೆಯ ಚೂರು ಸುತ್ತಿ, ನಮ್ಮ ಕೈ ಸರಿಸಿ ತೂತಿಗೆ ತಿರುಗಿಸಿ ತಿರುಗಿಸಿ ಜಡಿದರು. ಕಾರಂಜಿ ನಿಂತಿತು. ಅದನ್ನು ಕೈಯಿಂದ ಅದುಮಿ ಹಿಡಿದು ಅವರು ಕೂತರು. ಉಳಿದವರು ಅನ್ನದ ಪಾತ್ರೆ, ಸಾರಿನ ಪಾತ್ರೆಗಳಿಂದ ನೀರು ತೋಡಿದೆವು. ಮಕ್ಕಳನ್ನು ಪಕ್ಕದ ದೋಣಿಯ ವಯಸ್ಸಾದ ದಂಪತಿಗಳು ತಮ್ಮಲ್ಲಿಗೆ ಕರೆದುಕೊಂಡರು. ಲೈಫ್ ಜಾಕೆಟ್ ತೊಡಿಸಿದ್ದೆವು, ದಡ ಹತ್ತಿರವಿತ್ತು, ಎಲ್ಲವೂ ನಿಜ. ಆದರೆ ಆ ಮಗು ಚಕ್ಕುಲಿಗೆ ಆಸೆಪಡದಿದ್ದರೆ, ಅಥವಾ ನಾವು ಕೊಲ್ಲಿಯ ನಡುವೆ ಇದ್ದಿದ್ದರೆ ಎಂಬ ಯೋಚನೆ ಹಲವು ರಾತ್ರಿ ಬಂತು. ಎರಡು ಮನೆಯ ಹೆಂಗಸರೂ ಆ ಸಂಜೆ ದೋಣಿ ಮಾರಿಬಿಡಿ ಎಂದರು. ಎದುರಾಡುವ ಮುಖ ನಮಗಿರಲಿಲ್ಲ.

ಮುರಿದ ವಾಲ್ವನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದೆವು. ಊರಿಂದ ಬಂದಿದ್ದ ನಮ್ಮ ತಾಯಿಯವರು ಮರುದಿನ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಅಲ್ಲ ಕಣೋ, ಹಿತ್ತಾಳೇನ ರಾತ್ರಿಯೆಲ್ಲ ಹುಣಸೆ ರಸದಲ್ಲಿ ಬಿಟ್ಟಿದ್ರಾ? ಹೀಗೆ ಕೆಂಪಗಾಗಿದೆ" ಎಂದರು. ಹುಣಸೆಹಣ್ಣು ಹಚ್ಚಿಟ್ಟು ಮರೆತ ಹಿತ್ತಾಳೆ ಚೊಂಬು ಕೆಂಪೇರುವುದು ಅವರಿಗೆ ಚಿಕ್ಕಂದಿನಿಂದ ಗೊತ್ತು. ಬೂದಿ ಹಾಕಿ ಬೆಳಗಿದರೆ ಸರಿಹೋಗುತ್ತದೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಹುಳಿಗಾಗಲಿ ಉಪ್ಪುನೀರಿಗಾಗಲಿ ಮೊದಲು ಬಲಿಯಾಗುವುದು ಸತು. ಉಳಿಯುವುದು ಕೆಂಪು ತಾಮ್ರ. ಚೊಂಬಿನಲ್ಲಿ ಇದು ಚರ್ಮದ ಮಟ್ಟದಲ್ಲಿ ನಿಲ್ಲುತ್ತದೆ. ನಮ್ಮ ವಾಲ್ವಿನಲ್ಲಿ 49 ವರ್ಷ ನಡೆದಿತ್ತು. ಆಕಾರ, ಗಾತ್ರ, ಮರೆಗಳೂ ಹಾಗೇ ಇದ್ದವು. ಒಳಗೆ ಮಾತ್ರ ಸ್ಪಂಜಿನಂಥ ತಾಮ್ರ, ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು. ಸಾಧಾರಣ ಹಳದಿ ಹಿತ್ತಾಳೆಯಲ್ಲಿ ಸತು ನೂರಕ್ಕೆ 30-40 ಪಾಲು ಇರುತ್ತದೆ. 15ಕ್ಕಿಂತ ಕಡಿಮೆಯಿದ್ದರೆ ಈ ರೋಗ ಅಷ್ಟಾಗಿ ತಟ್ಟುವುದಿಲ್ಲ. ಇದನ್ನು ನಾವು ಎಂ.ಎಸ್ಸಿ.ಯಲ್ಲಿ ಓದಿದ್ದೆವು, ಪರೀಕ್ಷೆಯಲ್ಲಿ ಬರೆದಿದ್ದೆವು ಕೂಡ. ಎರಡು ವರ್ಷ ಕಣ್ಣೆದುರಿಗಿದ್ದ ಬಣ್ಣವನ್ನು ಓದಲಾಗಲಿಲ್ಲ.

ಹಳೆಯ ದೋಣಿ ನೋಡಲು ಹೋಗುವವರು ಇದ್ದರೆ, ಹಾಯಿ, ಮೆತ್ತೆ, ಬಣ್ಣ ನೋಡುವ ಮುಂಚೆ ಮೊಣಕಾಲೂರಿ ಸಿಂಕಿನ ಕೆಳಗೆ ತಲೆ ಹಾಕಿ. ದೋಣಿ ದಡದ ಮೇಲಿದ್ದಾಗಲೇ ವಾಲ್ವನ್ನು ಚಾಕುವಿನಿಂದ ಸ್ವಲ್ಪ ಕೆರೆಯಿರಿ: ಬಂಗಾರದ ಹಳದಿ ಕಂಡರೆ ವಾಸಿ, ನಸುಗೆಂಪು ಕಂಡರೆ ತೆಗೆಸಿಬಿಡಿ. ಸಣ್ಣ ಸುತ್ತಿಗೆಯಲ್ಲಿ ತಟ್ಟಿದರೆ ಒಳ್ಳೆಯ ಲೋಹ ಠಣ್ ಎನ್ನುತ್ತದೆ, ಕೆಟ್ಟದ್ದು ಮಡಕೆಯ ಸದ್ದು ಮಾಡುತ್ತದೆ. ಚಕ್ರದಂತೆ ತಿರುಗಿಸುವ ನಲ್ಲಿ ವಾಲ್ವು ದೋಣಿಗೆ ಬೇಡವೇ ಬೇಡ. ಮುಚ್ಚಿದೆಯೋ ತೆರೆದಿದೆಯೋ ನೋಡಿದರೆ ತಿಳಿಯುವುದಿಲ್ಲ. ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಮುಚ್ಚುವ ಕಂಚಿನ ಸೀಕಾಕ್ ಹಾಕಿಸಿ. ಸರ್ವೇಯರಿಗೆ ಐನೂರು ಕೊಡಿ.

ನಾವು ದೋಣಿ ಮಾರಲಿಲ್ಲ. ಗೆಳೆಯರ ಮೊದಲ ದಿನದ ಮಾತಿಗೆ ತಲೆಬಾಗಿ ಸಿಂಕನ್ನೇ ಕಿತ್ತುಹಾಕಿ ಆ ತೂತನ್ನು ಮುಚ್ಚಿದೆವು. ಉಳಿದೆರಡಕ್ಕೆ ಕಂಚು ಬಂತು. ಒಂದು ಅಂಗುಲದ ತೂತು ಮುಚ್ಚಲು ಸುತ್ತ ಅಂಗೈಗಿಂತ ಅಗಲ ಇಳಿಜಾರಾಗಿ ಕೆರೆದು, ಗಾಜಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ಅದ್ದಿ ಪದರದ ಮೇಲೆ ಪದರ ಹಾಕಬೇಕು. ಆಗ ಗೆಳೆಯರು, ತಮ್ಮ ಕಡೆ ಮರದ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದುದನ್ನು ನೆನಸಿಕೊಂಡರು. ಅದೇ ಎಣ್ಣೆಯಿಂದ ತೆಗೆದ ಕಾರ್ಡನಾಲ್‌ನಿಂದ ಮಾಡಿದ ಗಟ್ಟಿಕಾರಕಗಳು ಇಂದು ಹಡಗುಗಳ ಎಪಾಕ್ಸಿ ಲೇಪನಗಳಲ್ಲಿವೆ; ಚಳಿಯಲ್ಲೂ ತೇವದಲ್ಲೂ ಗಟ್ಟಿಯಾಗುವುದು ಅವುಗಳ ಗುಣ. ಈ ವಿಷಯ ಹೇಳಿದ ದಿನದಿಂದ ರಸಾಯನ ವಿಭಾಗವೂ ತಮ್ಮದೇ ಎಂದು ಅವರು ವಾದಿಸುತ್ತಿದ್ದಾರೆ.

ಇದುವರೆಗೆ ದೋಣಿಗೆ ಸುರಿದ ಹಣ ಕೊಂಡ ಬೆಲೆಯ ನಾಲ್ಕರಷ್ಟಾಗಿದೆ. ಹಿರಿಯರು ಇದನ್ನು ದಡ್ಡತನವೆಂದರೆ ಒಪ್ಪುತ್ತೇವೆ, ಶ್ರೀಮಂತಿಕೆಯೆಂದರೆ ಒಪ್ಪುವುದಿಲ್ಲ. ಮರದ ಬೆಣೆಗಳನ್ನು ಈಗ ಪ್ರತಿ ವಾಲ್ವಿನ ಪಕ್ಕಕ್ಕೂ ದಾರದಲ್ಲಿ ಕಟ್ಟಿದ್ದೇವೆ. ಏಪ್ರಿಲ್‌ನ ಎರಡನೆಯ ಶನಿವಾರ ತಳಕ್ಕೆ ಬಣ್ಣ ಬಳಿಯುವ ಕೆಲಸವಿದೆ. ಬರುವ ಸದಸ್ಯರು ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ. ಉಪ್ಪಿಟ್ಟು, ಕಾಫಿ ನಮ್ಮದು, ಉಪ್ಪುಕಾಗದವೂ ನಮ್ಮದೇ.