ರೋಗ ಬಾರದವರನ್ನು ಗಮನಿಸಿದ ವೈದ್ಯ

1914ರ ಹೊತ್ತಿಗೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಪೆಲಾಗ್ರ ಎಂದರೆ ಜನ ಬೆಚ್ಚಿಬೀಳುತ್ತಿದ್ದರು. ಬಿಸಿಲು ತಾಗಿದ ಕಡೆಯೆಲ್ಲ ಚರ್ಮ ಕಪ್ಪಾಗಿ ಸುಲಿಯುತ್ತಿತ್ತು. ಕತ್ತಿನ ಸುತ್ತ ಗಾಯದ ಪಟ್ಟಿ, ನಿಲ್ಲದ ಭೇದಿ, ಆಮೇಲೆ ಬುದ್ಧಿಭ್ರಮಣೆ, ಕೊನೆಗೆ ಸಾವು. ಇದು ಅಂಟುರೋಗ ಎಂದು ಬಹುಪಾಲು ವೈದ್ಯರು ನಂಬಿದ್ದರು. ಕೆಲವು ಆಸ್ಪತ್ರೆಗಳು ರೋಗಿಗಳನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ರೋಗಾಣುವನ್ನು ಹುಡುಕಲು ಆಯೋಗಗಳೇ ರಚನೆಯಾಗಿದ್ದವು. ಆಗ ಸರ್ಕಾರ ಈ ಕೆಲಸಕ್ಕೆ ಕಳಿಸಿದ್ದು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ನಲವತ್ತರ ವೈದ್ಯನನ್ನು.

ಗೋಲ್ಡ್‌ಬರ್ಗರ್ ಅಮೆರಿಕದಲ್ಲಿ ಹುಟ್ಟಿದವನಲ್ಲ. 1874ರಲ್ಲಿ, ಆಗ ಆಸ್ಟ್ರಿಯಾ–ಹಂಗೇರಿಯ ಭಾಗವಾಗಿದ್ದ, ಇಂದು ಸ್ಲೊವಾಕಿಯಾದಲ್ಲಿರುವ ಒಂದು ಹಳ್ಳಿಯ ಯಹೂದಿ ಮನೆತನದಲ್ಲಿ ಜನಿಸಿದ. ಕುರಿ ಸಾಕಿ ಬದುಕುತ್ತಿದ್ದ ಕುಟುಂಬ ಕುರಿಗಳು ರೋಗ ಬಂದು ಸತ್ತ ಮೇಲೆ ಅಮೆರಿಕದ ಹಡಗು ಹತ್ತಿತು. ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನ ವಲಸಿಗರ ಕೇರಿಯಲ್ಲಿ ಅಪ್ಪ ಕಿರಾಣಿ ಅಂಗಡಿ ಇಟ್ಟರು. ಹುಡುಗ ಮನೆಮನೆಗೆ ಸಾಮಾನು ಹೊತ್ತುಕೊಟ್ಟು ಓದಿದ. ಎಂಜಿನಿಯರಿಂಗ್‌ಗೆ ಸೇರಿದ್ದವನು ಗೆಳೆಯನ ಜೊತೆ ಬೆಲ್ವ್ಯೂ ವೈದ್ಯಕೀಯ ಕಾಲೇಜಿನ ಒಂದು ಉಪನ್ಯಾಸ ಕೇಳಲು ಹೋಗಿ ಅತ್ತಲೇ ಒಲಿದುಬಿಟ್ಟ. 1895ರಲ್ಲಿ ವೈದ್ಯನಾದ. ಪೆನ್ಸಿಲ್ವೇನಿಯಾದ ಊರೊಂದರಲ್ಲಿ ಕ್ಲಿನಿಕ್ ತೆರೆದನಾದರೂ ಅಲ್ಲಿ ಮನಸ್ಸು ನಿಲ್ಲಲಿಲ್ಲ. 1899ರಲ್ಲಿ ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆಗೆ ಸೇರಿಕೊಂಡ. ಅಲ್ಲಿ ಅವನಿಗೆ ಮೊದಲು ಸಿಕ್ಕ ಕೆಲಸ ನ್ಯೂಯಾರ್ಕ್ ಬಂದರಿನಲ್ಲಿ ಹಡಗಿನಿಂದಿಳಿಯುವ ವಲಸಿಗರ ಆರೋಗ್ಯ ತಪಾಸಣೆ! ಮುಂದಿನ ವರ್ಷಗಳಲ್ಲಿ ಸಾಂಕ್ರಾಮಿಕ ರೋಗಗಳ ಬೆನ್ನು ಹತ್ತಿ ಮೆಕ್ಸಿಕೊ, ಪೋರ್ಟೊರಿಕೊ, ಟೆಕ್ಸಾಸ್ ಎಂದು ಅಲೆದ. ಹಳದಿ ಜ್ವರ, ಡೆಂಗಿ, ಟೈಫಸ್ ಮೂರೂ ಅವನಿಗೇ ಬಂದವು. ಅಂಟುರೋಗ ಹೇಗೆ ಹರಡುತ್ತದೆಂದು ಮೈಮೇಲೆ ಅನುಭವಿಸಿದ್ದವನಿಗೆ ಪೆಲಾಗ್ರದ ನಡೆ ವಿಚಿತ್ರವಾಗಿ ಕಂಡಿತು.

ನರ್ಸುಗಳಿಗೇಕೆ ಬರಲಿಲ್ಲ?

ಹುಚ್ಚಾಸ್ಪತ್ರೆಗಳು, ಅನಾಥಾಲಯಗಳನ್ನು ಸುತ್ತಿದಾಗ ಅವನ ಕಣ್ಣು ಹೋದದ್ದು ಆರೋಗ್ಯವಾಗಿದ್ದವರ ಕಡೆಗೆ. ಒಳರೋಗಿಗಳು ಪೆಲಾಗ್ರದಿಂದ ನರಳುತ್ತಿದ್ದರೂ ಹಗಲಿರುಳು ಅವರ ಜೊತೆಗೇ ಇದ್ದ ನರ್ಸುಗಳಿಗೆ, ಕಾವಲುಗಾರರಿಗೆ ಅದು ಬರುತ್ತಿರಲಿಲ್ಲ. ಅಂಟುರೋಗ ಹೀಗೆ ಆಳು–ಅರಸು ನೋಡಿ ಬರುವುದುಂಟೇ? ವ್ಯತ್ಯಾಸ ಇದ್ದದ್ದು ಊಟದಲ್ಲಿ. ರೋಗಿಗಳಿಗೆ ಸಿಗುತ್ತಿದ್ದುದು ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಹಂದಿಯ ಕೊಬ್ಬು. ಸಿಬ್ಬಂದಿಯ ತಟ್ಟೆಯಲ್ಲಿ ಹಾಲು, ಮಾಂಸವೂ ಇರುತ್ತಿದ್ದವು.

ಮಿಸಿಸಿಪ್ಪಿಯ ಜಾಕ್ಸನ್ ನಗರದ ಅನಾಥಾಲಯಗಳಲ್ಲಿ ರೋಗ ಹೆಚ್ಚಾಗಿ ಕಾಣಿಸುತ್ತಿದ್ದುದು ಆರರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ. ಅವರಿಗಿಂತ ಚಿಕ್ಕವರಿಗೆ ಹಾಲು ಕೊಡುತ್ತಿದ್ದರು. ದೊಡ್ಡವರು ದುಡಿಯುತ್ತಿದ್ದುದರಿಂದ ಅವರಿಗೆ ಮಾಂಸ ಸಿಗುತ್ತಿತ್ತು. ನಡುವಿನವರಿಗೆ ಎರಡೂ ಇಲ್ಲ. ಸರ್ಕಾರದ ಹಣದಿಂದ ಗೋಲ್ಡ್‌ಬರ್ಗರ್ ಎಲ್ಲ ಮಕ್ಕಳಿಗೂ ಹಾಲು, ಮೊಟ್ಟೆ, ಮಾಂಸ, ಕಾಳು ಕೊಡಿಸಿದ. ವರ್ಷದೊಳಗೆ ಪೆಲಾಗ್ರ ಹೆಚ್ಚುಕಡಿಮೆ ಮಾಯವಾಯಿತು. ಹಣ ನಿಂತು ಹಳೆಯ ಊಟ ಮರಳಿದಾಗ ಕಾಯಿಲೆಯೂ ಮರಳಿತು.

1915ರಲ್ಲಿ ಅವನು ಇದನ್ನೇ ತಿರುಗುಮುರುಗಾಗಿ ಮಾಡಿ ನೋಡಿದ. ಮಿಸಿಸಿಪ್ಪಿಯ ರ‍್ಯಾಂಕಿನ್ ಜೈಲಿನ ಹನ್ನೊಂದು ಕೈದಿಗಳಿಗೆ ತಿಂಗಳುಗಟ್ಟಲೆ ದಕ್ಷಿಣದ ಬಡವರ ಊಟವನ್ನೇ ಬಡಿಸಿದ. ಆರು ಮಂದಿಗೆ ಪೆಲಾಗ್ರ ಬಂತು. ಅವರೇನೋ ಒಪ್ಪಿಯೇ ಪ್ರಯೋಗಕ್ಕೆ ಬಂದಿದ್ದರು. ಆದರೆ ಅದಕ್ಕೆ ಬದಲಾಗಿ ಗವರ್ನರ್ ಬಿಡುಗಡೆಯ ಆಸೆ ತೋರಿಸಿದ್ದರು. ಅಂಥ ಒಪ್ಪಿಗೆಯನ್ನು ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪಲಾರದು. ಗೋಲ್ಡ್‌ಬರ್ಗರನ ಕಥೆಯಲ್ಲಿ ಈ ಕಲೆಯೂ ಇದೆ.

ಟೀಕಾಕಾರರು ಆಗಲೂ ಬಗ್ಗಲಿಲ್ಲ. 1916ರಲ್ಲಿ ಅವನು ತನ್ನ ಮೈಯನ್ನೇ ಒಡ್ಡಿದ. ಪೆಲಾಗ್ರ ರೋಗಿಗಳ ರಕ್ತವನ್ನು ಚುಚ್ಚಿಸಿಕೊಂಡ. ಅವರ ಚರ್ಮದ ಹಕ್ಕಳೆ, ಮಲ, ಮೂತ್ರವನ್ನು ಹಿಟ್ಟಿನಲ್ಲಿ ಕಲಸಿ ಗುಳಿಗೆ ಮಾಡಿ ನುಂಗಿದ. ಸಹೋದ್ಯೋಗಿಗಳೂ ಮುಂದೆ ಬಂದರು. ಹೆಂಡತಿ ಮೇರಿ ಹಟ ಹಿಡಿದು ರಕ್ತ ಚುಚ್ಚಿಸಿಕೊಂಡಳು. ಯಾರಿಗೂ ಪೆಲಾಗ್ರ ಬರಲಿಲ್ಲ.

ಔಷಧ ಹೊಲದಲ್ಲಿತ್ತು

ರೋಗಕ್ಕೆ ಆಹಾರ ಕಾರಣವೆಂದು ತಿಳಿದ ಮೇಲೆ ಒಬ್ಬ ಸಾಮಾನ್ಯ ವೈದ್ಯ ಪಥ್ಯ ಬರೆದುಕೊಟ್ಟು ಕೈತೊಳೆದುಕೊಳ್ಳುತ್ತಿದ್ದ. ಗೋಲ್ಡ್‌ಬರ್ಗರ್ ಎಡ್ಗರ್ ಸಿಡೆನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞನನ್ನು ಜೊತೆಗೆ ಕರೆದುಕೊಂಡ. 1916ರಿಂದ ದಕ್ಷಿಣ ಕೆರೊಲಿನಾದ ಏಳು ಹತ್ತಿಗಿರಣಿ ಹಳ್ಳಿಗಳಲ್ಲಿ ತಂಡ ಮನೆಮನೆಗೂ ಹೋಗಿ ಆದಾಯವೆಷ್ಟು, ಅಂಗಡಿಯಿಂದ ಏನು ತಂದರು, ಹಿತ್ತಲಿನಲ್ಲಿ ಏನು ಬೆಳೆದರು, ಹಸು ಇದೆಯೇ ಎಂದು ಬರೆದುಕೊಂಡಿತು. ಆದಾಯ ಇಳಿದಂತೆ ಪೆಲಾಗ್ರ ಏರುತ್ತಿತ್ತು. ಸುತ್ತಮುತ್ತ ತರಕಾರಿ, ಹಾಲು ಸಿಗುವ ಹಳ್ಳಿಗೂ ಮನೆ ಬಾಗಿಲವರೆಗೆ ಹತ್ತಿಯನ್ನೇ ಬಿತ್ತಿದ ಹಳ್ಳಿಗೂ ಅಜಗಜಾಂತರ. ಪಾಲಿಗೆ ಉಳುವ ರೈತನಿಗೆ ಸಾಲ ಕೊಡುವವನು ಹತ್ತಿಯನ್ನಷ್ಟೇ ಬೆಳೆಯಲು ಬಿಡುತ್ತಿದ್ದ. ಅವನದೇ ಅಂಗಡಿಯಿಂದ ಮೆಕ್ಕೆಜೋಳದ ಹಿಟ್ಟನ್ನು ಕಡ ತಂದು ಚಳಿಗಾಲ ನೂಕಬೇಕಿತ್ತು.

1920ರ ಕೊನೆಗೆ ಹತ್ತಿಯ ಬೆಲೆ ಕುಸಿಯಿತು. ಇನ್ನು ಪೆಲಾಗ್ರ ಹೆಚ್ಚುತ್ತದೆ ಎಂದು ಗೋಲ್ಡ್‌ಬರ್ಗರ್ ಎಚ್ಚರಿಸಿದ. ಅಧ್ಯಕ್ಷ ಹಾರ್ಡಿಂಗ್ ನೆರವಿನ ಮಾತೆತ್ತಿದ್ದೇ ತಡ, ದಕ್ಷಿಣದ ರಾಜಕಾರಣಿಗಳೂ ಪತ್ರಿಕೆಗಳೂ ಸಿಡಿದೆದ್ದವು. ನಮ್ಮಲ್ಲಿ ಹಸಿವಿದೆ ಎಂದು ಉತ್ತರದಿಂದ ಬಂದ ಈ ಸರ್ಕಾರಿ ವೈದ್ಯ ಹೇಳುವುದೇ? ಸೂಕ್ಷ್ಮಾಣುವಿನ ಮೇಲೆ ದೂರು ಹೊರಿಸಿದರೆ ಯಾರ ಮಾನವೂ ಹೋಗುವುದಿಲ್ಲ. ಬಡತನದ ಮೇಲೆ ಹೊರಿಸಿದರೆ ಜಮೀನ್ದಾರನಿಂದ ಶಾಸಕನವರೆಗೆ ಎಲ್ಲರೂ ಉತ್ತರ ಕೊಡಬೇಕು. ರೋಗ ತಡೆಯುವ ವೈದ್ಯನಿಗೆ ಚಿಕಿತ್ಸೆ ನೀಡುವ ವೈದ್ಯನಿಗಿಂತ ಶತ್ರುಗಳು ಹೆಚ್ಚು.

ಜಮೀನಿನ ವ್ಯವಸ್ಥೆ ಬದಲಿಸುವುದು ಗೋಲ್ಡ್‌ಬರ್ಗರನ ಕೈಲಿರಲಿಲ್ಲ. ಹಾಗಾಗಿ ಅಗ್ಗದ ತಡೆಯೊಂದನ್ನು ಹುಡುಕಿದ. ನಾಯಿಗಳಿಗೆ ಬರುವ ಇದೇ ಬಗೆಯ ಕಪ್ಪುನಾಲಿಗೆ ರೋಗದ ಮೇಲೆ ಪ್ರಯೋಗ ನಡೆಸಿ, ಬಿಯರ್ ತಯಾರಿಕೆಯ ಯೀಸ್ಟ್ ಪೆಲಾಗ್ರವನ್ನು ತಡೆಯುತ್ತದೆಂದು ತೋರಿಸಿದ. 1927ರಲ್ಲಿ ಮಿಸಿಸಿಪ್ಪಿ ನದಿಯ ಮಹಾಪ್ರವಾಹ ಬಂದಾಗ ರೆಡ್ ಕ್ರಾಸ್ ಸಂತ್ರಸ್ತರಿಗೆ ಇದೇ ಯೀಸ್ಟ್ ಹಂಚಿತು. 1929ರ ಜನವರಿಯಲ್ಲಿ ಗೋಲ್ಡ್‌ಬರ್ಗರ್ ಕ್ಯಾನ್ಸರಿನಿಂದ ತೀರಿಕೊಂಡ. ಅವನು ಹುಡುಕುತ್ತಿದ್ದ ಅಂಶ ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವ. ಅದನ್ನು 1937ರಲ್ಲಿ ಕಾನ್ರಾಡ್ ಎಲ್ವೆಹೆಮ್ ಗುರುತಿಸಿದರು. ಮೆಕ್ಕೆಜೋಳದಲ್ಲಿ ನಯಾಸಿನ್ ಇದ್ದರೂ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬುವ ಮೆಕ್ಸಿಕೊದ ಹಳ್ಳಿಗರು ಹಿಂದಿನಿಂದಲೂ ಅದನ್ನು ದಕ್ಕಿಸಿಕೊಳ್ಳುತ್ತಿದ್ದರು.

ನಮ್ಮ ಜೋಳದ ನೆಲದಲ್ಲಿ

ಪೆಲಾಗ್ರ ನಮ್ಮ ಮಗ್ಗುಲಲ್ಲೂ ಇತ್ತು. 1960ರಲ್ಲಿ ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ದಖ್ಖನ್ ಸೀಮೆಯ ಜೋಳ ಉಣ್ಣುವ ಬಡವರಲ್ಲಿ ಕಂಡ ಪೆಲಾಗ್ರದ ಬಗ್ಗೆ ಬರೆದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಹೆಚ್ಚಿರುವುದು ಇದಕ್ಕೆ ಕಾರಣ ಎಂಬುದು ಅವರ ವಾದ. ಆ ವಾದದ ಮೇಲೆ ಮುಂದೆ ತಕರಾರುಗಳು ಬಂದವು. ಆದರೆ ಏಕದಳ ಧಾನ್ಯವೊಂದನ್ನೇ ನಂಬಿದ ಬಡವನ ತಟ್ಟೆ ಅಪಾಯಕಾರಿ ಎಂಬುದರಲ್ಲಿ ತಕರಾರಿಲ್ಲ. ಜೋಳದ ರೊಟ್ಟಿಯ ಮೇಲೆ ಯಾವ ದೋಷವನ್ನೂ ಹೊರಿಸಬೇಕಿಲ್ಲ. ಜೊತೆಗೆ ಶೇಂಗಾ ಚಟ್ನಿ, ಕಾಳುಪಲ್ಯ, ಮೊಸರು ಇದ್ದವನಿಗೆ ರೊಟ್ಟಿ ಪುಷ್ಟಿಯ ಊಟವೇ. ಶೇಂಗಾದಲ್ಲಿ ನಯಾಸಿನ್ ಧಾರಾಳವಾಗಿದೆ. ಕಷ್ಟವೆಲ್ಲ ಬರಿ ರೊಟ್ಟಿಯಲ್ಲಿ ದಿನ ದೂಡುವವನಿಗೆ.

ಕರ್ನಾಟಕ 2013ರಲ್ಲಿ ಕ್ಷೀರಭಾಗ್ಯ ಯೋಜನೆಯಡಿ ಶಾಲಾ ಮಕ್ಕಳಿಗೆ ಹಾಲು ಕೊಡತೊಡಗಿತು. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ಎದ್ದ ವಾದ–ವಿವಾದ ನಮಗೆ ನೆನಪಿದೆ. ಮಠ, ಮತ, ರಾಜಕೀಯ ಎಲ್ಲವೂ ಅದರಲ್ಲಿ ಮಾತಾಡಿದವು. ಹಾಲು, ಮೊಟ್ಟೆ ಕೊಟ್ಟು ಅನಾಥ ಮಕ್ಕಳನ್ನು ಉಳಿಸಿದ ಆ ವಲಸಿಗ ವೈದ್ಯ ಬದುಕಿದ್ದರೆ ಪರ–ವಿರೋಧದ ಭಾಷಣಗಳಿಗೆ ಕಿವಿಗೊಡುತ್ತಿರಲಿಲ್ಲ. ಈ ಮಗುವಿನ ಮನೆಯಲ್ಲಿ ರಾತ್ರಿ ಊಟಕ್ಕೆ ಏನಿರುತ್ತದೆ ಎಂದು ಕೇಳಿ, ಉತ್ತರವನ್ನು ಬರೆದುಕೊಳ್ಳುತ್ತಿದ್ದ. ಆ ಪ್ರಶ್ನೆಯನ್ನು ನಾವೂ ಕೇಳಬೇಕು. ಮೊಟ್ಟೆ ಬೇಡ ಎನ್ನುವವರು ಅದರ ಜಾಗದಲ್ಲಿ ಅಷ್ಟೇ ಸತ್ವದ ಏನನ್ನು ಇಡುತ್ತೀರಿ ಎಂಬುದಕ್ಕೂ ಉತ್ತರ ಹೇಳಬೇಕು.