ಕೆಂಪು ವೈನ್ ತಿಳಿಯಾಗಿದ್ದರೆ ಕಳಪೆಯೇ? ತಂಪು ವರ್ಷವೊಂದರ ರುಚಿ

ಫ್ರಾನ್ಸ್‌ನಲ್ಲಿ ಕೆಲಸ ಮಾಡುವ ಗೆಳೆಯ ರಜೆಗೆ ಬಂದಾಗ ಬರ್ಗಂಡಿ ಪ್ರದೇಶದ 2021ರ ಕೆಂಪು ವೈನ್ ತಂದಿದ್ದ. ಗ್ಲಾಸಿಗೆ ಸುರಿದಾಗ ನನಗೆ ನಿರಾಸೆಯೇ ಆಯಿತು. ಪುನರ್ಪುಳಿ ಶರಬತ್ತಿನಷ್ಟು ತಿಳಿ ಬಣ್ಣ. ಗ್ಲಾಸಿನ ಆಚೆ ಹಿಡಿದ ಬೆರಳು ಕಾಣುತ್ತಿತ್ತು. “ಏನೋ ಇದು, ನೀರು ಬೆರೆಸಿದ ಹಾಗಿದೆ?” ಅಂದೆ. “ಅವಸರ ಮಾಡಬೇಡ, ಮೊದಲು ಮೂಸಿ ನೋಡು” ಅಂದ.

ತಪ್ಪು ವೈನಿನದ್ದಲ್ಲ, ನನ್ನ ಅಳತೆಗೋಲಿನದ್ದು. ಕೆಂಪು ವೈನ್ ಅಂದರೆ ಕಪ್ಪಗಿರಬೇಕು, ಗಂಟಲಲ್ಲಿ ಬಿಸಿ ಹತ್ತಬೇಕು, ‘ಕಿಕ್’ ಇರಬೇಕು ಅಂತ ನಮ್ಮಲ್ಲಿ ಅನೇಕರು ಅಂದುಕೊಂಡಿದ್ದೇವೆ.

ವಿಂಟೇಜ್ ಅಂದರೆ ದ್ರಾಕ್ಷಿ ಕೊಯ್ದ ವರ್ಷ, ಅಷ್ಟೇ. ಬಿಸಿಲು ಜೋರಾದ ವರ್ಷ ಹಣ್ಣಿನಲ್ಲಿ ಸಕ್ಕರೆ ಬೇಗ ಏರುತ್ತೆ, ಹುಳಿ ಇಳಿಯುತ್ತೆ. ಹುದುಗುವಾಗ ಆ ಸಕ್ಕರೆಯೇ ಆಲ್ಕೋಹಾಲ್ ಆಗುವುದರಿಂದ ವೈನ್ ಖಡಕ್ಕಾಗುತ್ತೆ. ತಂಪು ವರ್ಷದಲ್ಲಿ ಇದೆಲ್ಲ ನಿಧಾನ. ಹುಳಿ ಉಳಿಯುತ್ತೆ, ಆಲ್ಕೋಹಾಲ್ ಮಿತವಾಗಿರುತ್ತೆ. ಜೊತೆಗೆ ಬರ್ಗಂಡಿಯ ಕೆಂಪು ವೈನ್ ಬಹುಪಾಲು ಪಿನೋ ನ್ವಾರ್ ಎಂಬ ದ್ರಾಕ್ಷಿಯದು. ಅದರ ಸಿಪ್ಪೆ ತೆಳು, ಬಣ್ಣವೂ ಕಡಿಮೆ. ಹಾಗಾಗಿ ತಿಳಿ ಬಣ್ಣ ದೋಷವಲ್ಲ, ಆ ಹಣ್ಣಿನ ಗುಣ.

ಹಾಗಾದರೆ ಇಂಥ ವೈನನ್ನು ಸವಿಯೋದು ಹೇಗೆ?

ಮೊದಲು ತಾಪಮಾನ. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಅನ್ನುವ ಮಾತು ಯುರೋಪಿನ ತಣ್ಣನೆಯ ಮನೆಗಳದ್ದು. ನಮ್ಮ ಬೇಸಿಗೆಯಲ್ಲಿ ಅದು ನಡೆಯೋಲ್ಲ. ಫ್ರಿಜ್ಜಿನಲ್ಲಿಟ್ಟು ತಂಪಾಗಿಸಿ. 14ರಿಂದ 16 ಡಿಗ್ರಿ ಸಾಕು. ಆಮೇಲೆ ಗ್ಲಾಸನ್ನು ಮೆಲ್ಲಗೆ ತಿರುಗಿಸಿ ಮೂಸಿ. ಬಿಸಿ ವರ್ಷದ ವೈನಿನಲ್ಲಿ ಜಾಮ್, ಒಣದ್ರಾಕ್ಷಿಯ ವಾಸನೆ ಮುಂದಿರುತ್ತೆ. ನನ್ನ ಗ್ಲಾಸಿನಲ್ಲಿ ಹುಳಿ ಚೆರ್ರಿ, ಗುಲಾಬಿ, ಹಿಂದೆಯೇ ಒದ್ದೆ ಮಣ್ಣಿನ ವಾಸನೆ ಬಂತು.

ಒಂದು ಸಣ್ಣ ಗುಟುಕನ್ನು ಬಾಯಲ್ಲಿ ಆಡಿಸಿ. ಹುಳಿಗೆ ಬಾಯಲ್ಲಿ ನೀರೂರಬೇಕು. ಟ್ಯಾನಿನ್ ಅನ್ನೋದಕ್ಕೆ ನಮ್ಮಲ್ಲಿ ಒಳ್ಳೆಯ ಪದವೇ ಇದೆ: ಒಗರು. ಅದು ವಸಡನ್ನು ಹಿಡಿಯಬೇಕೇ ಹೊರತು ಎಳೆ ಬಾಳೆಕಾಯಿಯಂತೆ ನಾಲಿಗೆಯನ್ನು ಒಣಗಿಸಬಾರದು. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತೆ ನೋಡಿ. ತೆಳುವಾಗಿದ್ದೂ ರುಚಿ ಉಳಿದರೆ ಅದು ನಾಜೂಕು. ತಕ್ಷಣ ಮಾಯವಾಗಿ ಹಸಿ ಎಲೆಯ ಕಹಿ ಮಾತ್ರ ಉಳಿದರೆ ಹಣ್ಣು ಬಲಿತಿರಲಿಲ್ಲ ಅಂತಲೇ ಅರ್ಥ. ತಂಪು ವರ್ಷದ್ದೆಲ್ಲ ಶ್ರೇಷ್ಠವೇನಲ್ಲ. ಜೊತೆಗೆ ಖಾರದ ಸಾರು ಬೇಡ, ಅಣಬೆಯ ಸಪ್ಪೆ ಪಲ್ಯ ಸಾಕು.

ಆದರೆ ಈ ತಂಪಿನ ಹಿಂದೆ ಒಂದು ಕಹಿ ಕಥೆಯಿದೆ. 2021ರ ಮಾರ್ಚ್ ಕೊನೆಯಲ್ಲಿ ಫ್ರಾನ್ಸ್‌ನಲ್ಲಿ ಅಕಾಲಿಕ ಸೆಕೆ. ಬಳ್ಳಿಗಳು ಬೇಗ ಚಿಗುರಿದವು. ಏಪ್ರಿಲ್ ಮೊದಲ ವಾರ ಹಿಮಗಾಳಿ ಬೀಸಿ ಆ ಚಿಗುರು ಕಪ್ಪಾಯಿತು. ರೈತರು ರಾತ್ರಿಯಿಡೀ ಸಾಲುಗಳ ನಡುವೆ ದೊಡ್ಡ ಮೇಣದ ದೀಪ ಹಚ್ಚಿ ಕಾದರೂ ಇಳುವರಿ ಕುಸಿಯಿತು. ಹವಾಮಾನ ಬದಲಾವಣೆಯಿಂದ ಇಂಥ ಹಾನಿಯ ಸಾಧ್ಯತೆ ಹೆಚ್ಚಿದೆ ಅಂತ ವಿಜ್ಞಾನಿಗಳು ಹೇಳಿದರು. ಚಳಿ ಹೆಚ್ಚಾಗಿದ್ದರಿಂದಲ್ಲ, ಚಿಗುರು ಬೇಗ ಬಂದದ್ದರಿಂದ!

ಬರ್ಗಂಡಿಯ ಬೋನ್ ಪಟ್ಟಣದಲ್ಲಿ ದ್ರಾಕ್ಷಿ ಕೊಯ್ಲಿನ ದಿನಾಂಕಗಳ ದಾಖಲೆ 1354ರಿಂದಲೂ ಸಿಗುತ್ತೆ. 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1988ರ ನಂತರ ಅಲ್ಲಿ ಕೊಯ್ಲು ಹಿಂದಿಗಿಂತ ಸರಾಸರಿ 13 ದಿನ ಮೊದಲೇ ಶುರುವಾಗುತ್ತಿದೆ. ಅಂದರೆ, ಅಜ್ಜಂದಿರಿಗೆ ಮಾಮೂಲಾಗಿದ್ದ ರುಚಿ ಮೊಮ್ಮಕ್ಕಳಿಗೆ ಅಪರೂಪ.

ಬಾಟಲಿ ಖಾಲಿಯಾದ ಮೇಲೂ ಗ್ಲಾಸನ್ನು ತೊಳೆಯಲು ಮನಸ್ಸಾಗಲಿಲ್ಲ. ಮತ್ತೊಮ್ಮೆ ಮೂಸಿದೆ. ಗುಲಾಬಿ ಇನ್ನೂ ಇತ್ತು. ನೀರು ಬೆರೆಸಿದ್ದು ಅಂದ ಮಾತನ್ನು ಗೆಳೆಯನ ಎದುರೇ ವಾಪಸ್ ತೆಗೆದುಕೊಂಡೆ.