ಬೀದಿ ತೊಳೆದರೂ ಬಿಡದ ಕಾಲರಾ

2024ರ ಜನವರಿಯಲ್ಲಿ ಜಾಂಬಿಯಾದ ರಾಜಧಾನಿ ಲುಸಾಕಾದ ನ್ಯಾಷನಲ್ ಹೀರೋಸ್ ಕ್ರೀಡಾಂಗಣ ಕಾಲರಾ ಆಸ್ಪತ್ರೆಯಾಗಿ ಬದಲಾಗಿತ್ತು. ರಜೆ ಮುಗಿದರೂ ಶಾಲೆಗಳು ತೆರೆಯಲಿಲ್ಲ. ಹಿಂದಿನ ಅಕ್ಟೋಬರ್‌ನಲ್ಲಿ ಶುರುವಾದ ಪಿಡುಗು ಅಡಗುವ ಹೊತ್ತಿಗೆ ದೇಶದಲ್ಲಿ 20 ಸಾವಿರಕ್ಕೂ ಹೆಚ್ಚು ಜನರಿಗೆ ರೋಗ ತಗುಲಿ, 700ಕ್ಕೂ ಹೆಚ್ಚು ಮಂದಿ ಸತ್ತಿದ್ದರು.

ಜಾಂಬಿಯಾಕ್ಕೆ ಕಾಲರಾ ಮೊದಲು ಬಂದದ್ದು 1977ರಲ್ಲಿ. ಅಲ್ಲಿಂದೀಚೆಗೆ ಅದು ಮಳೆಗಾಲದ ಬೆನ್ನಿಗೇ ಬಂದುಹೋಗುತ್ತಿದೆ. 2017–18ರ ಪಿಡುಗಿನಲ್ಲಿ ಸರ್ಕಾರ ಸೈನ್ಯವನ್ನೇ ಇಳಿಸಿ ಬೀದಿ ಗುಡಿಸಿತು, ಬೀದಿ ವ್ಯಾಪಾರಿಗಳನ್ನು ಎಬ್ಬಿಸಿತು. ಬೀದಿಗಳೇನೋ ಚೊಕ್ಕಟವಾದವು. ಆರು ವರ್ಷ ತುಂಬುವುದರೊಳಗೆ ರೋಗ ಇನ್ನೂ ದೊಡ್ಡದಾಗಿ ಮರಳಿತು. ಏಕೆಂದರೆ ಅದರ ಬೇರು ಇರುವುದು ನೆಲದಡಿಯಲ್ಲಿ.

ಲುಸಾಕಾದ ಬಹುಭಾಗ ಸುಣ್ಣಕಲ್ಲು ಮತ್ತು ಡಾಲಮೈಟ್ ಬಂಡೆಯ ಮೇಲೆ ನಿಂತಿದೆ. ಬಂಡೆಯ ತುಂಬ ಬಿರುಕು, ಪೊಟರೆ. ಕೆಳಗಿಳಿಯುವ ನೀರು ಮಣ್ಣಿನಲ್ಲಿ ಸೋಸಿಹೋಗದೆ ನೇರ ಅಂತರ್ಜಲ ಸೇರುತ್ತದೆ. ನಗರದ ಬಹುಪಾಲು ಜನ ಇರುವುದು 'ಕಾಂಪೌಂಡ್' ಎನ್ನುವ ಒತ್ತೊತ್ತಾದ ಬಡಾವಣೆಗಳಲ್ಲಿ. ಕಾನ್ಯಾಮಾ ಅಂಥದ್ದೊಂದು. ಅಲ್ಲಿ ಬಹುತೇಕರಿಗೆ ಒಳಚರಂಡಿಯ ಸಂಪರ್ಕವಿಲ್ಲ. ಹಲವು ಬಾಡಿಗೆ ಕುಟುಂಬಗಳಿಗೆ ಸೇರಿ ಒಂದೇ ಗುಂಡಿ ಪಾಯಿಖಾನೆ. ಬಂಡೆ ಅಡ್ಡ ಬರುವುದರಿಂದ ಗುಂಡಿಯನ್ನು ಆಳಕ್ಕೆ ತೋಡಲಾಗದು. ತುಂಬಿದ ಗುಂಡಿ ಬರಿದು ಮಾಡೋಣವೆಂದರೆ ಇಕ್ಕಟ್ಟಿನ ಓಣಿಯೊಳಗೆ ಸಕ್ಕಿಂಗ್ ಲಾರಿ ನುಗ್ಗದು. ಮಳೆನೀರು ನಿಂತಾಗ ಗುಂಡಿ ಉಕ್ಕುತ್ತದೆ. ಕೈಗೆಟಕುವಷ್ಟೇ ಆಳದ ಬಾವಿಗೆ ಅದೇ ನೀರು ಇಳಿಯುತ್ತದೆ.

ಕುಡಿಯುವ ನೀರಿನೊಂದಿಗೆ ಹೀಗೆ ಹರಡುವ ಕಾಲರಾಕ್ಕೆ ಮದ್ದು ಮಾತ್ರ ಸುಲಭ. ಬಾಂಗ್ಲಾ ವಿಮೋಚನಾ ಯುದ್ಧದ ವೇಳೆ, 1971ರಲ್ಲಿ, ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ ಮತ್ತು ಗ್ಲೂಕೋಸ್ ಬೆರೆಸಿದ ನೀರು ಕುಡಿಸಿಯೇ ಸಾವನ್ನು ನೂರಕ್ಕೆ 30ರ ಆಸುಪಾಸಿನಿಂದ 4ಕ್ಕಿಂತ ಕೆಳಗಿಳಿಸಿದರು. ಇಂದು ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ನೂರರಲ್ಲಿ ಒಬ್ಬರೂ ಸಾಯಬೇಕಿಲ್ಲ. ಆದರೆ ಜಾಂಬಿಯಾದಲ್ಲಿ 2023–24ರಲ್ಲಿ ನೂರಕ್ಕೆ ಮೂರರಷ್ಟು ಜನ ಸತ್ತರು. ಅರ್ಧ ಶತಮಾನದ ಹಿಂದಿನ ಯುದ್ಧಕಾಲದ ಶಿಬಿರದ ಲೆಕ್ಕಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಎಷ್ಟೋ ಮಂದಿ ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಬಿಟ್ಟಿದ್ದರು; ವಾಂತಿ ಭೇದಿಯಿಂದ ಮೈಯ ನೀರೆಲ್ಲ ಬಸಿದುಹೋಗಲು ಕೆಲವು ಗಂಟೆ ಸಾಕು.

ಲಸಿಕೆಯನ್ನೇ ನೆಚ್ಚಿಕೊಳ್ಳುವಂತೆಯೂ ಇರಲಿಲ್ಲ. ಜಗತ್ತಿನಾದ್ಯಂತ ದಾಸ್ತಾನು ಸಾಲದೆ, ಪಿಡುಗು ಎದ್ದ ಕಡೆ ಎರಡು ಡೋಸ್ ಬದಲು ಒಂದನ್ನೇ ಹಾಕುವ ಪದ್ಧತಿ 2022ರ ಅಕ್ಟೋಬರ್‌ನಲ್ಲೇ ಶುರುವಾಗಿತ್ತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 2023ರ ಕೊನೆಗೆ ಪೂರೈಕೆ ನಿಲ್ಲಿಸಿದ ಮೇಲೆ ಜಾಗತಿಕ ದಾಸ್ತಾನಿಗೆ ದಕ್ಷಿಣ ಕೊರಿಯಾದ ಒಂದೇ ಕಂಪನಿ ದಿಕ್ಕಾಯಿತು.

ವಿಪರ್ಯಾಸವೆಂದರೆ, 2025ರೊಳಗೆ ಕಾಲರಾವನ್ನು ತೊಲಗಿಸುವ ರಾಷ್ಟ್ರೀಯ ಯೋಜನೆಯನ್ನು ಜಾಂಬಿಯಾ 2019ರಲ್ಲೇ ಹಾಕಿಕೊಂಡಿತ್ತು. ನೀರು, ಶೌಚ, ಚರಂಡಿ ಎಲ್ಲವೂ ಅದರಲ್ಲಿದ್ದವು. ಡೇರೆ, ಡ್ರಿಪ್ ಬಾಟಲಿ, ಲಸಿಕೆಗೆ ಪಿಡುಗಿನ ಗದ್ದಲದಲ್ಲಿ ಹೇಗೋ ಹಣ ಹುಟ್ಟುತ್ತದೆ. ಕೊಳಾಯಿ ಎಳೆಯಲು, ಚರಂಡಿ ತೋಡಲು ಬೇಕಾದದ್ದು ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಒಣ ದಿನಗಳು. ಆಗ ಹೆಚ್ಚಾಗಿ ಕಾಲರಾದ ಸುದ್ದಿಯಿರುವುದಿಲ್ಲ, ಕೇಳುವವರೂ ಇರುವುದಿಲ್ಲ. ಆ ಆರು ತಿಂಗಳ ಬಜೆಟ್ಟಿನಲ್ಲಿ ಕಾನ್ಯಾಮಾಕ್ಕೆ ಎಷ್ಟು ಪಾಲು ಸಿಗುತ್ತದೆ ಎಂಬುದರ ಮೇಲೆ ಮುಂದಿನ ಮಳೆಗಾಲದ ಸಾವಿನ ಲೆಕ್ಕ ನಿಂತಿದೆ.